ಸ್ಥಳೀಯರು ಎಂದರೆ ಯಾರು?

ವಕೀಲನಿಗೆ ಎರಡೂ ಕಡೆಯಿಂದ ವಾದಿಸಲು ಬರುತ್ತದೆ ಎಂದು ಜನ ತಮಾಷೆ ಮಾಡುತ್ತಾರೆ. ಕೋರ್ಟಿನಲ್ಲಿ ಅದು ಕಸುಬು. ಆದರೆ ಒಬ್ಬನೇ ಮನುಷ್ಯ ಒಂದು ಊರಿನಲ್ಲಿ ಒಂದು ವಾದ, ಇನ್ನೊಂದು ಊರಿನಲ್ಲಿ ಅದರ ವಿರುದ್ಧ ವಾದ ಹೂಡಿ, ಎರಡರಲ್ಲೂ ತಾನೇ ಗೆಲ್ಲಬೇಕೆಂದರೆ ಅದಕ್ಕೆ ಏನೆನ್ನಬೇಕು? 'ಸ್ಥಳೀಯರಿಗೆ ಆದ್ಯತೆ' ಎಂಬ ಮಾತು ಬಂದಾಗ ಹೊರನಾಡ ಕನ್ನಡಿಗರಾದ ನಮ್ಮಲ್ಲಿ ಅನೇಕರು ಮಾಡುವುದು ಇದನ್ನೇ.

1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಸಿಟ್ಟು ದಕ್ಷಿಣದವರ ಮೇಲಿತ್ತು. ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದ ಕಾಲವನ್ನು ಮುಂಬಯಿ ಕನ್ನಡಿಗರ ಹಿರಿಯ ತಲೆಮಾರು ಮರೆತಿಲ್ಲ. ಭಾರತದ ಯಾವ ಭಾಗದಲ್ಲಾದರೂ ನೆಲೆಸುವ, ಯಾವ ಕಸುಬನ್ನಾದರೂ ಮಾಡುವ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿ ನಮಗೆ ಬರೀ ಪುಸ್ತಕದ ಸಾಲಲ್ಲ, ಅನ್ನದ ದಾರಿ. ಹಾಗಿದ್ದೂ 2024ರ ಜುಲೈಯಲ್ಲಿ ಕರ್ನಾಟಕದ ಸಚಿವ ಸಂಪುಟ ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟಾಗ, ಇಲ್ಲಿ ಖಾರಘರದಲ್ಲಿ ನನ್ನ ಪರಿಚಯದ ಎಷ್ಟೋ ಕನ್ನಡಿಗರು ಖುಷಿಪಟ್ಟರು. ಉದ್ಯಮಗಳ ವಿರೋಧ ಬಂದು ಸರ್ಕಾರ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಹರಿಯಾಣದ ಶೇ 75ರ ಇಂಥದ್ದೇ ಕಾನೂನನ್ನು ಅಲ್ಲಿನ ಹೈಕೋರ್ಟು 2023ರ ನವೆಂಬರಿನಲ್ಲಿ ರದ್ದು ಮಾಡಿತ್ತು. ನನ್ನ ಕುತೂಹಲ ಇರುವುದು ಆ ಖುಷಿಯ ಬಗ್ಗೆ. ಅದೇ ಮಸೂದೆ ಮಹಾರಾಷ್ಟ್ರದಲ್ಲಿ ಬಂದು, ಮರಾಠಿ ಓದಲು ಬರೆಯಲು ಬಾರದ ನಮ್ಮ ಹುಡುಗರನ್ನು ಹೊರಗಿಟ್ಟಿದ್ದರೆ ನಾವು ಏನೆನ್ನುತ್ತಿದ್ದೆವು?

ಇದಕ್ಕಿಂತ ಸೂಕ್ಷ್ಮವಾದ ಉದಾಹರಣೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯದು. 2020ರಲ್ಲಿ ಕರ್ನಾಟಕ ಸರ್ಕಾರ ಅಲ್ಲಿನ ಶೇ 25ರಷ್ಟು ಸೀಟುಗಳನ್ನು 'ಕರ್ನಾಟಕದ ವಿದ್ಯಾರ್ಥಿ'ಗಳಿಗೆ ಮೀಸಲಿಡುವ ತಿದ್ದುಪಡಿ ತಂದಿತು. ರಾಜ್ಯದ ಮಾನ್ಯತೆ ಪಡೆದ ಶಾಲೆಗಳಲ್ಲಿ ಹತ್ತು ವರ್ಷ ಓದಿದವರು ಮಾತ್ರ ಆ ಹೆಸರಿಗೆ ಅರ್ಹರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈಕೋರ್ಟು ತಿದ್ದುಪಡಿಯನ್ನು ರದ್ದು ಮಾಡಿತು. ಮುಂದೆ ಶಾಲೆ ತಾನಾಗಿಯೇ ತನ್ನ ಪ್ರವೇಶ ನಿಯಮಗಳಲ್ಲಿ ಅಂಥದೇ ಮೀಸಲಾತಿ ಅಳವಡಿಸಿಕೊಂಡಿತು.

ನಮ್ಮ ಕಟ್ಟಡದ ಒಬ್ಬ ಹುಡುಗಿ ಕಾನೂನು ಓದಬೇಕೆಂದು ತಯಾರಿ ನಡೆಸಿದ್ದಾಳೆ. ಮನೆಯಲ್ಲಿ ಅಚ್ಚ ಧಾರವಾಡದ ಕನ್ನಡ; ಓದಿದ್ದೆಲ್ಲ ಖಾರಘರದಲ್ಲಿ. 'ಅಂಕಲ್, ಬಿಹಾರದಿಂದ ಬೆಂಗಳೂರಿಗೆ ಹೋದವರ ಮಗ ಕರ್ನಾಟಕದವನಂತೆ, ನಾನು ಅಲ್ಲವಂತೆ. ಇದು ಯಾವ ನ್ಯಾಯ?' ಎಂದು ಕೇಳಿದಳು. ಅವಳ ತಂದೆಗೂ ಅದೇ ಬೇಸರ. ಆದರೆ ಮೀಸಲಿಡಲೇಬೇಕೆಂದಿದ್ದರೆ ಅಳತೆಗೋಲು ಅದೇ ಸರಿ ಎಂದು ನಾನೆಂದೆ. ಆ ನಿಯಮ ಅಜ್ಜ ಯಾವ ಊರಿನವನು ಎಂದು ಕೇಳುವುದಿಲ್ಲ, ಮಗು ಎಲ್ಲಿ ಬೆಳೆಯಿತು ಎಂದು ಕೇಳುತ್ತದೆ. ಮುಂಬಯಿಯ ಮಹಾರಾಷ್ಟ್ರ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲೂ ಈ ರಾಜ್ಯದವರಿಗೆ ಸೀಟುಗಳಿವೆ. ಬೆಂಗಳೂರಿನಲ್ಲಿ ಅವಳಿಗೆ ಬಾಗಿಲು ಹಾಕುವ ತರ್ಕವೇ ಇಲ್ಲಿ ಬಾಗಿಲು ತೆರೆಯುತ್ತದೆ. ರಕ್ತವೇ ಅಳತೆಯಾದರೆ ಅಲ್ಲಿ ಅವಳಿಗೆ ಸೀಟು ಸಿಕ್ಕೀತು. ಆದರೆ ಅವಳು ಹುಟ್ಟಿ ಬೆಳೆದ ಊರಿನಲ್ಲೇ ಸಾಯುವತನಕ ಪರಕೀಯಳಾಗಿ ಉಳಿದಾಳು.

ನಮ್ಮ ಕಾನೂನು ಈ ಗೊಂದಲವನ್ನು ಪೂರ್ತಿ ಬಗೆಹರಿಸಿಲ್ಲ. 1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ದೇಶದಲ್ಲಿ ಇರುವುದು ಒಂದೇ ಡೊಮಿಸೈಲ್, ಅದು ಭಾರತದ್ದು ಎಂದಿತು. ಆದರೂ ಎಂಬಿಬಿಎಸ್ ಸೀಟುಗಳಲ್ಲಿ ವಾಸಸ್ಥಳದ ಮೀಸಲಾತಿಯನ್ನು ಒಂದು ಮಿತಿಯೊಳಗೆ ಉಳಿಸಿತು. ಸ್ನಾತಕೋತ್ತರ ವೈದ್ಯಕೀಯದಲ್ಲಿ ಅದು ಸಲ್ಲದು ಎಂಬುದನ್ನು 2025ರ ಜನವರಿಯಲ್ಲಿ ಮತ್ತೊಮ್ಮೆ ಹೇಳಿತು. ಹಿಂದುಳಿದ ಪ್ರದೇಶಕ್ಕೆ ಕೈಹಿಡಿಯುವುದು ಬೇರೆ ಮಾತು. ಕಲ್ಯಾಣ ಕರ್ನಾಟಕಕ್ಕಾಗಿ ಬಂದ 371(ಜೆ) ವಿಧಿ ಕೇಳುವುದು ಆ ನೆಲಕ್ಕೆ ಏನು ಸಿಕ್ಕಿಲ್ಲ ಎಂಬುದನ್ನು. ರಾಯಚೂರಿನ ಹಳ್ಳಿಯ ಶಾಲೆಯಲ್ಲಿ ಓದಿದವನಿಗೂ ಬೆಂಗಳೂರಿನ ದುಬಾರಿ ಶಾಲೆಯಲ್ಲಿ ಓದಿದವನಿಗೂ ಒಂದೇ ಚೀಟಿ ಕೊಡುವ ಹತ್ತು ವರ್ಷದ ನಿಯಮಕ್ಕೆ ಆ ಪ್ರಶ್ನೆ ಹೊಳೆದೇ ಇಲ್ಲ. ಅದರ ನಿಜವಾದ ಕೊರತೆ ಅದು.

ಹಾಗಾದರೆ 'ಈ ನೆಲ ನಮ್ಮದು' ಎನ್ನುವವರ ಮಾತಿಗೆ ಬೆಲೆಯೇ ಇಲ್ಲವೇ? ಇದೆ, ಅದನ್ನು ತಿಳಿಯಲು ಖಾರಘರದಿಂದ ಆಚೆ ಹೋಗಬೇಕಾಗಿಲ್ಲ. ನಮ್ಮ ಸೆಕ್ಟರುಗಳ ನಡುವೆ ಕೊಪರಾ, ಮುರ್ಬಿ, ಬೇಲಪಾಡಾ ಎಂಬ ಹಳ್ಳಿಗಳಿವೆ. 1970ರಲ್ಲಿ ಸಿಡ್ಕೋ ಹುಟ್ಟಿ ನವಿಮುಂಬಯಿಗಾಗಿ 95 ಹಳ್ಳಿಗಳ ಭೂಮಿಗೆ ಕೈಹಾಕಿದಾಗ ಗದ್ದೆ, ಉಪ್ಪಿನಗದ್ದೆ ಕಳೆದುಕೊಂಡವರು ಆಗ್ರಿ, ಕೋಳಿ ಜನ. 1984ರ ಜನವರಿಯಲ್ಲಿ ಡಿ.ಬಿ. ಪಾಟೀಲರ ನಾಯಕತ್ವದಲ್ಲಿ ಜಾಸಯಿಯ ಬಳಿ ಹೋರಾಟಕ್ಕಿಳಿದವರ ಮೇಲೆ ಪೊಲೀಸರು ಗುಂಡು ಹಾರಿಸಿ ಐವರು ಸತ್ತರು. ಅವರು ಕೇಳಿದ್ದು ಹೊರಗಿನವರನ್ನು ಓಡಿಸಿ ಎಂದಲ್ಲ, ನಮ್ಮಿಂದ ತೆಗೆದುಕೊಂಡದ್ದರಲ್ಲಿ ನಮಗೂ ಪಾಲು ಕೊಡಿ ಎಂದು. ವಶಪಡಿಸಿಕೊಂಡ ಭೂಮಿಯ ಶೇ 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಹಿಂದಿರುಗಿಸುವ ಯೋಜನೆ ಬಂದದ್ದು ಆ ಹೋರಾಟದಿಂದ. ನಾನು ಕುಳಿತು ಇದನ್ನು ಬರೆಯುತ್ತಿರುವ ಫ್ಲ್ಯಾಟಿನ ಕೆಳಗೂ ಯಾರದೋ ಗದ್ದೆ ಇದ್ದಿರಬೇಕು. ಅವರ ಹಕ್ಕಿನ ಮುಂದೆ ನನ್ನ 19ನೇ ವಿಧಿ ತುಸು ಮೆಲ್ಲಗೆ ಮಾತಾಡಬೇಕು.

ಹೀಗೆ ನೋಡಿದರೆ ಸ್ಥಳೀಯತೆಯ ಹಕ್ಕು ಮೂರು ಬಗೆಯದು: ಹುಟ್ಟಿನಿಂದ ಬಂದದ್ದು, ಬಾಳಿದ್ದರಿಂದ ಬಂದದ್ದು, ಕಳೆದುಕೊಂಡದ್ದರಿಂದ ಬಂದದ್ದು. ಎರಡನೆಯದೂ ಮೂರನೆಯದೂ ನನಗೆ ನ್ಯಾಯವೆನಿಸುತ್ತವೆ, ಏಕೆಂದರೆ ಬೆಂಗಳೂರಿನ ಬಿಹಾರಿಗೂ ಖಾರಘರದ ಕನ್ನಡಿಗನಿಗೂ ಅವು ಒಂದೇ ಉತ್ತರ ಕೊಡುತ್ತವೆ. ಮೊದಲನೆಯದು ಊರು ಬದಲಾದ ಕೂಡಲೇ ಉತ್ತರವನ್ನೂ ಬದಲಿಸುತ್ತದೆ. ನೆಲೆನಿಂತ ಊರಿನ ಭಾಷೆ ಕಲಿಯಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಬೆಂಗಳೂರಿನವರಿಂದ ಕನ್ನಡ ನಿರೀಕ್ಷಿಸುವ ನಾವು ಇಲ್ಲಿ ಮರಾಠಿಯನ್ನು ಎಷ್ಟು ಕಲಿತಿದ್ದೇವೆ ಎಂಬ ಲೆಕ್ಕ ಮಾತ್ರ ಜೊತೆಗಿರಲಿ. ಮುಂದಿನ ಸಲ ಇಂಥ ಮಸೂದೆಯ ಸುದ್ದಿ ಓದುವಾಗ 'ಕರ್ನಾಟಕ' ಎಂದಿದ್ದಲ್ಲಿ 'ಮಹಾರಾಷ್ಟ್ರ' ಎಂದು ಓದಿ ನೋಡಿ. ಆಗಲೂ ಒಪ್ಪಿಗೆಯಾದರೆ ಧಾರಾಳವಾಗಿ ಬೆಂಬಲಿಸಿ, ನನ್ನ ತಕರಾರಿಲ್ಲ.