ಬೆಳಗಿನ ಉಪಾಹಾರದಲ್ಲಿ ಅವಮೌದರ್ಯ



ವ್ರತವೆಂದೊಡನೆ ನಮ್ಮ ಮನಸ್ಸಿಗೆ ಮೊದಲು ಬರುವುದು ಉಪವಾಸ. ಅಷ್ಟಮಿ, ಚತುರ್ದಶಿಗಳಲ್ಲಿಯೂ ದಶಲಕ್ಷಣ ಪರ್ವದಲ್ಲಿಯೂ ಅನ್ನವನ್ನು ತ್ಯಜಿಸುವ ಶ್ರದ್ಧೆ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಅದು ಶ್ಲಾಘ್ಯವಾದುದು. ಆದರೆ ಉಪವಾಸದ ಮರುದಿನ ಬೆಳಗ್ಗೆ ನಮ್ಮ ತಟ್ಟೆಯಲ್ಲಿ ಏನಿರುತ್ತದೆ ಎಂದು ವಿಚಾರಿಸುವವರು ವಿರಳ. ನಿನ್ನೆಯ ಬಾಕಿಯನ್ನು ಬಡ್ಡಿಸಹಿತ ವಸೂಲು ಮಾಡುವವರಂತೆ ಪೂರಿ, ವಡೆ, ಕೇಸರಿಬಾತುಗಳ ಮುಂದೆ ಕುಳಿತರೆ, ಒಂದು ದಿನ ಗೆದ್ದ ನಾಲಗೆಗೆ ಮರುದಿನ ನಾವೇ ಶರಣಾದಂತಾಯಿತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರೋಷಧವೆಂದರೆ ಒಂದೇ ಹೊತ್ತಿನ ಊಟವೆಂದು ಅರ್ಥ ಹೇಳಿರುವುದನ್ನು ಇಲ್ಲಿ ನೆನೆಯಬೇಕು. ಪಾರಣೆಯ ದಿನವೂ ವ್ರತದ ಅಂಗವೇ ಹೊರತು ವ್ರತದಿಂದ ಬಿಡುಗಡೆಯ ದಿನವಲ್ಲ.

ತತ್ತ್ವಾರ್ಥಸೂತ್ರವು ಹೇಳುವ ಆರು ಬಾಹ್ಯ ತಪಗಳಲ್ಲಿ ಮೊದಲನೆಯದು ಅನಶನ, ಎರಡನೆಯದು ಅವಮೌದರ್ಯ. ಹೊಟ್ಟೆಯನ್ನು ತುಸು ಖಾಲಿ ಇರಿಸಿ ಏಳುವುದೇ ಅವಮೌದರ್ಯ. ಊನೋದರವೆಂದೂ ಇದಕ್ಕೆ ಹೆಸರುಂಟು. ಪುರುಷನಿಗೆ 32 ತುತ್ತು, ಸ್ತ್ರೀಗೆ 28 ತುತ್ತು ಪೂರ್ಣಾಹಾರವೆಂದು ಭಗವತೀ ಆರಾಧನೆಯಲ್ಲಿ ಹೇಳಿದೆ. ಅದರಲ್ಲಿ ಒಂದೇ ತುತ್ತು ಕಡಿಮೆಯಾದರೂ ಈ ತಪವು ಆರಂಭವಾಗುತ್ತದೆ. ಅನಶನವು ಪರ್ವದಿನಗಳಿಗೆ ಮೀಸಲಾಗಬಹುದು. ಅವಮೌದರ್ಯವು ದಿನದಿನವೂ ಸಾಧ್ಯ. ಊಟವನ್ನೇ ಬಿಟ್ಟವನ ಎದುರಿಗೆ ಅನ್ನವಿರುವುದಿಲ್ಲ. ಅವಮೌದರ್ಯದವನಾದರೋ ಬಡಿಸಿದ ಅನ್ನದ ಮುಂದೆಯೇ ಕುಳಿತು, ರುಚಿಯನ್ನು ಸವಿಯುತ್ತಿರುವಾಗಲೇ ಕೈ ತೊಳೆಯಬೇಕು. ಆದುದರಿಂದ ಇದನ್ನು ಉಪವಾಸಕ್ಕಿಂತ ಸುಲಭವೆಂದು ಭಾವಿಸುವುದು ಸರಿಯಲ್ಲ.

ಸಂಯಮದಲ್ಲಿ ಎಚ್ಚರ, ದೋಷಗಳ ಉಪಶಮನ, ಸಂತೋಷ, ಸ್ವಾಧ್ಯಾಯದಲ್ಲಿ ಸುಖ ಇವು ಅವಮೌದರ್ಯದ ಪ್ರಯೋಜನಗಳೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ತಿಳಿಸಿದ್ದಾರೆ. ಹೊಟ್ಟೆ ಬಿರಿಯೆ ತಿಂದು ಶಾಸ್ತ್ರ ಹಿಡಿದು ಕುಳಿತವನು ಎರಡನೆಯ ಪುಟಕ್ಕೆ ತೂಕಡಿಸುವುದನ್ನು ನಾವೆಲ್ಲರೂ ನೋಡಿದ್ದೇವೆ. ಬೆಳಗಿನ ಹೊತ್ತು ಪೂಜೆಗೂ ಸ್ವಾಧ್ಯಾಯಕ್ಕೂ ದಿನದ ಕಾಯಕಕ್ಕೂ ಮೀಸಲಾದುದು. ಆದುದರಿಂದ ಅವಮೌದರ್ಯದ ಅಭ್ಯಾಸವನ್ನು ಬೆಳಗಿನ ಉಪಾಹಾರದಿಂದಲೇ ಆರಂಭಿಸುವುದು ಯುಕ್ತ.

ಇಂದಿನ ವೈದ್ಯರೂ ಬೇರೊಂದು ದಾರಿಯಿಂದ ಇದೇ ಮಾತಿಗೆ ಬರುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳು ನಮ್ಮ ಮನೆಗಳನ್ನೂ ಬಿಟ್ಟಿಲ್ಲ. ಅವರು ಆಹಾರದ ಶಕ್ತಿಯನ್ನು ಕ್ಯಾಲೊರಿ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಗ್ರಾಂ ಪಿಷ್ಟದಲ್ಲಾಗಲಿ ಸಕ್ಕರೆಯಲ್ಲಾಗಲಿ ಸುಮಾರು 4 ಕ್ಯಾಲೊರಿ; ಒಂದು ಗ್ರಾಂ ಎಣ್ಣೆ ಅಥವಾ ತುಪ್ಪದಲ್ಲಿ ಸುಮಾರು 9. ಸಾಧಾರಣ ಗಾತ್ರದ ಒಂದು ಇಡ್ಲಿಯಲ್ಲಿ 50ರಿಂದ 60 ಕ್ಯಾಲೊರಿ ಇರುತ್ತದೆ. 5 ಗ್ರಾಂ ಹಿಡಿಸುವ ಒಂದು ಸಣ್ಣ ಚಮಚ ಎಣ್ಣೆಯಲ್ಲಿಯೇ 45 ಕ್ಯಾಲೊರಿ ಇದೆ. ಅಂದಮೇಲೆ ದೋಸೆಯ ಮೇಲೆ ಕೈಬಿಟ್ಟು ಸುರಿದ ಎರಡು ಚಮಚ ಎಣ್ಣೆಯು, ಕಣ್ಣಿಗೆ ಕಾಣದ ಒಂದೂವರೆ ಇಡ್ಲಿಗೆ ಸಮಾನ. ಪೂರ್ವಾಚಾರ್ಯರು ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ರಸಗಳ ಪರಿತ್ಯಾಗವನ್ನು ಪ್ರತ್ಯೇಕವಾದ ಒಂದು ತಪವೆಂದೇ ಎಣಿಸಿದರು. ವೈದ್ಯರು ಮೊದಲು ಕಡಿಮೆ ಮಾಡಿರೆನ್ನುವ ತುಪ್ಪ, ಎಣ್ಣೆ, ಸಿಹಿ, ಉಪ್ಪುಗಳು ನಾಲ್ಕೂ ಈ ಪಟ್ಟಿಯಲ್ಲಿವೆ ಎಂಬುದನ್ನು ಗಮನಿಸಬೇಕು.

ಆದರೂ ಒಂದು ಭೇದವನ್ನು ಮರೆಯಬಾರದು. ದೇಹ ತೆಳ್ಳಗಾಗಲೆಂದು ಕಡಿಮೆ ತಿನ್ನುವವನು ದೇಹವನ್ನೇ ಪೂಜಿಸುತ್ತಿರುತ್ತಾನೆ. ಬಯಕೆ ತೆಳುವಾಗಲೆಂದು ಕಡಿಮೆ ತಿನ್ನುವವನು ವ್ರತಿ. ರೈತನು ಬಿತ್ತುವುದು ಧಾನ್ಯಕ್ಕಾಗಿ. ಹುಲ್ಲು ತಾನಾಗಿ ಬರುತ್ತದೆ. ದೇಹಾರೋಗ್ಯವು ಈ ತಪಕ್ಕೆ ತಾನಾಗಿ ಬರುವ ಹುಲ್ಲು. ಅದನ್ನು ತಿರಸ್ಕರಿಸಬೇಕಾಗಿಲ್ಲ, ಅದಕ್ಕಾಗಿಯೇ ಬಿತ್ತಲೂ ಬೇಕಾಗಿಲ್ಲ.

ಇನ್ನು ಮನೆಯ ಮಾತು. ಅನಸ್ತಮಿತ ವ್ರತವಿರುವ ಮನೆಯಲ್ಲಿ ಸಂಜೆ ಆರು ಗಂಟೆಗೆ ಊಟ ಮುಗಿದು, ಸೂರ್ಯೋದಯದ ಮೇಲೆ ಎರಡು ಘಳಿಗೆ, ಅಂದರೆ 48 ನಿಮಿಷ ಕಳೆದ ಬಳಿಕ ಉಪಾಹಾರವಾಗುತ್ತದೆ. ನಡುವೆ ಸುಮಾರು ಹದಿಮೂರು ಗಂಟೆಗಳ ಅಂತರ. ಆಗಿನ ಹಸಿವು ಸಹಜವಾದುದು. ಅದಕ್ಕೆ ಆಹಾರ ಬೇಕು, ಆದರೆ ಲಘುವಾದ ಆಹಾರ ಸಾಕು. ಇದಕ್ಕಾಗಿ ದೂರದೇಶದ ಡಬ್ಬಿಗಳನ್ನು ತರಿಸಬೇಕಾದುದಿಲ್ಲ. ಬೆಳಗಾವಿ, ಧಾರವಾಡದ ಕಡೆಯ ಬಿಸಿ ಜೋಳದ ರೊಟ್ಟಿಗೆ ಎಣ್ಣೆಯೇ ಬೇಡ. ಜೊತೆಗೆ ಹೀರೆಕಾಯಿಯ ಪಲ್ಯವಿದ್ದರೆ ಒಂದು ರೊಟ್ಟಿ ಮಧ್ಯಾಹ್ನದವರೆಗೆ ತಡೆಯುತ್ತದೆ. ಮೈಸೂರು ಸೀಮೆಯ ರಾಗಿ ಅಂಬಲಿ, ತುಳುನಾಡಿನ ಕುಚ್ಚಲಕ್ಕಿ ಗಂಜಿ ಇವೂ ಅಂಥವೇ. ನೀರುದೋಸೆಯ ಹಿಟ್ಟನ್ನು ಹುಳಿ ಬರಿಸಬೇಕಾಗಿಲ್ಲ. ಅಂದೇ ರುಬ್ಬಿ ಅಂದೇ ಹುಯ್ಯುವುದರಿಂದ ಮರ್ಯಾದೆಯ ದೋಷವೂ ಇಲ್ಲ. ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ ಬೆರೆಸಿದ ಕೋಸಂಬರಿಯನ್ನು ಮೊದಲು ತಿಂದರೆ ಮುಂದಿನ ತುತ್ತುಗಳು ತಾವಾಗಿ ಕಡಿಮೆಯಾಗುತ್ತವೆ. ಮೊಸರವಲಕ್ಕಿಯೂ ಹಗುರವಾದುದೇ, ಆದರೆ ಅದರ ಒಗ್ಗರಣೆಗೆ ಉದ್ದಿನಬೇಳೆ, ಕಡಲೆಬೇಳೆ ಹಾಕದೆ ಸಾಸಿವೆ, ಕರಿಬೇವುಗಳಷ್ಟೇ ಇರಲಿ. ಇಲ್ಲವಾದರೆ ದ್ವಿದಳದೋಷ ಬರುತ್ತದೆ.

ಲಘು ಆಹಾರದ ಹೆಸರಿನಲ್ಲಿ ಇಂದು ಪ್ರಚಾರವಾಗುತ್ತಿರುವ ಎಲ್ಲವೂ ನಮಗೆ ಸಲ್ಲುವುದಿಲ್ಲ. ಬಿಸಿನೀರಿಗೆ ಜೇನುತುಪ್ಪ ಬೆರೆಸಿ ಕುಡಿಯಿರೆಂದು ಹಲವರು ಹೇಳುತ್ತಾರೆ. ಮದ್ಯ, ಮಾಂಸ, ಮಧುಗಳ ತ್ಯಾಗ ಶ್ರಾವಕನ ಮೂಲಗುಣವಾಗಿರುವಾಗ ಜೇನಿನ ಪ್ರಶ್ನೆಯೇ ಏಳದು. ಜೇನು ಕೂಡ ಬಹುಪಾಲು ಸಕ್ಕರೆಯೇ ಆಗಿರುವುದರಿಂದ ಬಿಟ್ಟವನಿಗೆ ನಷ್ಟವೂ ಇಲ್ಲ. ಮೊಳಕೆ ಕಾಳನ್ನು ಅನಂತಕಾಯವೆಂದು ಬಿಟ್ಟವರಿಗೆ ನೆನೆಸಿ ಬೇಯಿಸಿದ ಹೆಸರು ಸಾಕು. ಪೊಟ್ಟಣದ ಮೇಲೆ ಹಸಿರು ಗುರುತಿದ್ದ ಮಾತ್ರಕ್ಕೆ ಅದು ವ್ರತಕ್ಕೆ ಯೋಗ್ಯವೆಂದಾಗದು. ಈರುಳ್ಳಿ, ಬೆಳ್ಳುಳ್ಳಿ, ಜೇನುಗಳಿಗೂ ಆ ಗುರುತು ಅಡ್ಡಿಯಲ್ಲ. ಒಳಗಿರುವ ಪದಾರ್ಥಗಳ ಪಟ್ಟಿಯನ್ನು ಓದಿಯೇ ಕೊಳ್ಳಬೇಕು.

ಹೊರಗೆ ತಿನ್ನುವ ಪ್ರಸಂಗ ಬಂದಾಗ ಪರೀಕ್ಷೆ ಕಠಿಣವಾಗುತ್ತದೆ. ಶ್ರವಣಬೆಳಗೊಳದಂಥ ಕ್ಷೇತ್ರಗಳ ಭೋಜನಶಾಲೆಯಲ್ಲಿ ಶುದ್ಧಿಯ ಚಿಂತೆಯಿಲ್ಲ, ಪ್ರಮಾಣದ ಚಿಂತೆ ಮಾತ್ರ. ಹೋಟೆಲಿನಲ್ಲಿ ಎರಡೂ ಇವೆ. ಮಸಾಲೆ ದೋಸೆಯ ಪಲ್ಯ ಆಲೂಗಡ್ಡೆ, ಈರುಳ್ಳಿಗಳದು. ಸಾಂಬಾರಿನಲ್ಲಿಯೂ ಉಪ್ಪಿಟ್ಟಿನಲ್ಲಿಯೂ ಈರುಳ್ಳಿ ಸಾಮಾನ್ಯ. ಕೇಳಿ ತಿಳಿದುಕೊಳ್ಳಲು ಸಂಕೋಚಪಡಬಾರದು. ಹಿಂದಿನ ದಿನದ ಹಿಟ್ಟಿಗೆ ನಿಷೇಧವಿಟ್ಟುಕೊಳ್ಳದವರು ಹಬೆಯಲ್ಲಿ ಬೆಂದ ಎರಡು ಇಡ್ಲಿ ತಿಂದು ಏಳಬಹುದು. ವಡೆಯನ್ನು ಜೊತೆಗೆ ತರಿಸದಿದ್ದರಾಯಿತು. ಚಟ್ನಿಯ ಪ್ರಮಾಣವೂ ಗಮನದಲ್ಲಿರಲಿ. 30 ಗ್ರಾಂ ಹಸಿ ತೆಂಗಿನಕಾಯಿಯಲ್ಲಿಯೇ ನೂರಕ್ಕೆ ಮೀರಿದ ಕ್ಯಾಲೊರಿ ಇದೆ. ಹಿಟ್ಟಿನ ಮರ್ಯಾದೆ ಪಾಲಿಸುವವರು ಪ್ರಯಾಣಕ್ಕೆ ಹುರಿಗಡಲೆ, ಮಂಡಕ್ಕಿ, ಒಂದೆರಡು ಬಾಳೆಹಣ್ಣು ಕಟ್ಟಿಕೊಂಡು ಹೊರಡುವುದೇ ಲೇಸು.

ಎಚ್ಚರಿಕೆಯ ಮೂರು ಮಾತುಗಳನ್ನು ಹೇಳಬೇಕಾಗಿದೆ. ಮೊದಲನೆಯದು, ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವೂ ತಪವೂ ಶಕ್ತಿಗೆ ಅನುಸಾರವಾಗಿರಬೇಕೆಂದು ವಿಧಿಸಿದೆ. ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪಾಹಾರವನ್ನು ಬಿಡುವುದಾಗಲಿ ಬಹಳ ಇಳಿಸುವುದಾಗಲಿ ಕೂಡದು. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದೀತು. ಬೆಳೆಯುವ ಮಕ್ಕಳಿಗೆ, ಗರ್ಭಿಣಿಯರಿಗೆ, ಬಾಣಂತಿಯರಿಗೆ ಈ ನಿಯಮವನ್ನು ಹೇರಬಾರದು. ಎರಡನೆಯದು, ಒಬ್ಬನ ವ್ರತ ಇನ್ನೊಬ್ಬರ ಹೊರೆಯಾಗಬಾರದು. ಯಜಮಾನನ ನಿಯಮಕ್ಕೊಂದು, ಮಕ್ಕಳ ರುಚಿಗೊಂದು ಎಂದು ಮನೆಯಾಕೆ ನಸುಕಿನಲ್ಲಿಯೇ ನಾಲ್ಕು ಬಗೆ ಬೇಯಿಸಿ, ಕೊನೆಗೆ ತಾನು ಪಾತ್ರೆಯ ತಳವನ್ನು ಬಳಿದು ತಿಂದರೆ, ಆ ಮನೆಯಲ್ಲಿ ಊನೋದರ ನಡೆದದ್ದು ಯಜಮಾನನಿಂದಲ್ಲ. ಅದು ಆಕೆಯ ಮೇಲೆ ಬಿದ್ದ ಕಷ್ಟ. ತಾನಾಗಿ ಬಿಟ್ಟದ್ದು ತಪ. ಸಿಗದೆ ಹೋದದ್ದು ತಪವಲ್ಲ. ಮನೆಮಂದಿಯೆಲ್ಲ ಒಂದೇ ಅಡುಗೆಯನ್ನು ಒಟ್ಟಿಗೆ ಕುಳಿತು ಉಣ್ಣುವುದೇ ಇದಕ್ಕೆ ಪರಿಹಾರ. ಮೂರನೆಯದು, ನೆರೆಯವರ ತಟ್ಟೆಯ ಇಡ್ಲಿ ಎಣಿಸುವುದು ವ್ರತವಲ್ಲ. ಆಹಾರ ಇಳಿದು ಅಹಂಕಾರ ಏರಿದರೆ ಹೊಟ್ಟೆ ಬರಿದಾದುದಷ್ಟೇ ಲಾಭ.

ಆರಂಭ ಹೇಗೆ? ಜೀವಾವಧಿಯ ತ್ಯಾಗಕ್ಕೆ ಯಮವೆಂದೂ ಕಾಲಮಿತಿಯ ತ್ಯಾಗಕ್ಕೆ ನಿಯಮವೆಂದೂ ಸಮಂತಭದ್ರರು ಹೆಸರಿಟ್ಟರು. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು ಹೀಗೆ ಶಕ್ತಿಯಿದ್ದಷ್ಟು ಕಾಲಕ್ಕೆ ಸಂಕಲ್ಪ ಮಾಡಬಹುದು. ನಾಳೆ ಬೆಳಗ್ಗೆ ದರ್ಶನ ಮುಗಿಸಿದ ಮೇಲೆ, ತಟ್ಟೆ ಮುಂದೆ ಬರುವುದಕ್ಕೆ ಮೊದಲೇ, ಇಂದು ಇಂತಿಷ್ಟು ಸಾಕೆಂದು ಮನಸ್ಸಿನಲ್ಲಿ ನಿಶ್ಚಯಿಸಿರಿ. ತಟ್ಟೆ ಬಂದ ಮೇಲೆ ನಿಶ್ಚಯಿಸುವುದು ನಾಲಗೆಯೇ ಹೊರತು ಬುದ್ಧಿಯಲ್ಲ. ನಾಲ್ಕು ತಿನ್ನುವವರು ಮೂರಕ್ಕೆ ನಿಲ್ಲಿಸಿರಿ. ನಿಧಾನವಾಗಿ ಅಗಿದು ತಿನ್ನಿರಿ. ಹೊಟ್ಟೆ ತುಂಬಿದ ಅರಿವು ಮನಸ್ಸಿಗೆ ಮುಟ್ಟಲು ಸ್ವಲ್ಪ ಹೊತ್ತು ಬೇಕು. ಉಳಿಸಿದ ಒಂದನ್ನು ಮಧ್ಯಾಹ್ನ ಸೇರಿಸಿ ತಿನ್ನದೆ, ಹಸಿದವರೊಬ್ಬರಿಗೆ ಆದರದಿಂದ ನೀಡಿದರೆ ತ್ಯಾಗದೊಡನೆ ದಾನವೂ ಕೂಡಿಬರುತ್ತದೆ.

ಒಂದು ತುತ್ತನ್ನು ತಿಳಿದು ಬಿಡಲು ಕಲಿತವನು ಒಂದು ಕಠೋರವಾದ ಮಾತನ್ನು ತಿಳಿದು ಬಿಡಲು ಕಲಿಯುತ್ತಾನೆ, ಮುಂದೆ ಒಂದು ಕಷಾಯವನ್ನು ಬಿಡಲೂ ಕಲಿಯುತ್ತಾನೆ. ಈ ಕಿರಿಯ ನಿಯಮವು ನಮ್ಮ ಮನೆಮನೆಗಳಲ್ಲಿ ನೆಲೆಗೊಳ್ಳಲಿ. ಎಲ್ಲರಿಗೂ ಮಂಗಳವಾಗಲಿ.