ದೂರ ನಿಲ್ಲುವ ಧರ್ಮ

ಕೊಡಚಾದ್ರಿಯ ತಪ್ಪಲಲ್ಲಿ, ಸೌಪರ್ಣಿಕಾ ನದಿಯ ಸಮೀಪದಲ್ಲಿ ನೆಲೆಗೊಂಡಿರುವ ಕೊಲ್ಲೂರಿನ ಮೂಕಾಂಬಿಕಾ ಸನ್ನಿಧಿಯಲ್ಲಿ ರಾತ್ರಿಯ ಪೂಜೆ ಮುಗಿದ ಬಳಿಕ, ದೇವಿಗೆ ನಿವೇದಿಸಿದ ಕಷಾಯವನ್ನು ಭಕ್ತರಿಗೆ ತೀರ್ಥವೆಂದು ಹಂಚುವ ಪದ್ಧತಿಯುಂಟು. ಶಂಕರಾಚಾರ್ಯರು ಈ ಕ್ಷೇತ್ರದಲ್ಲಿ ತಪಸ್ಸಿಗೆ ಕುಳಿತಿದ್ದಾಗ ಅಸ್ವಸ್ಥರಾಗಿ ಮೇಲೇಳಲಾರದೆ ಹೋದರೆಂದೂ, ಆಗ ದೇವಿಯೇ ಕಷಾಯವನ್ನು ಕಾಸಿ ತಂದು ಅವರಿಗೆ ಕುಡಿಸಿದಳೆಂದೂ ಆ ಪದ್ಧತಿಗೆ ಕಾರಣವನ್ನು ಹೇಳುವರು. ಜಗನ್ಮಾತೆಯನ್ನು ರೋಗಿಯ ಬಳಿ ಬಟ್ಟಲು ಹಿಡಿದು ನಿಂತವಳನ್ನಾಗಿ ಕಂಡ ಈ ಭಾವಕ್ಕಿಂತ ಆಪ್ತವಾದ ದೇವತಾಕಲ್ಪನೆಯನ್ನು ನಾನರಿಯೆ. ಹೀಗಿರಲು, 2020ರ ಮಾರ್ಚಿಯಲ್ಲಿ ಕೊರೋನಾ ಮಹಾಮಾರಿಯ ಭೀತಿ ನಾಡನ್ನೆಲ್ಲ ಕವಿದಾಗ ಆ ಸನ್ನಿಧಿಯ ಬಾಗಿಲೇ ಭಕ್ತರಿಗೆ ಮುಚ್ಚಿತು; ಅರ್ಚಕರು ಮಾತ್ರ ಒಳಗೆ ನಿತ್ಯಪೂಜೆಯನ್ನು ನಡೆಸಿದರು. ಜೂನ್ 8ರಂದು ದೇವಾಲಯಗಳು ಮರಳಿ ತೆರೆದಾಗಲೂ ಕೇಂದ್ರ ಸರಕಾರದ ಆರೋಗ್ಯಸೂಚನೆಯು ವಿಗ್ರಹಸ್ಪರ್ಶವನ್ನೂ, ಪ್ರಸಾದವಿತರಣೆಯನ್ನೂ, ತೀರ್ಥಪ್ರೋಕ್ಷಣೆಯನ್ನೂ ನಿಷೇಧಿಸಿತ್ತು. ರೋಗಹರವೆಂದು ನಂಬಿದ ತೀರ್ಥವೇ ರೋಗವಾಹಕವಾಗಬಹುದೆಂಬ ಶಂಕೆಯ ಮುಂದೆ ನಿಂತ ಭಕ್ತನು, ದೇವರ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿ ಒದಗಿದ ಗಳಿಗೆಯಲ್ಲಿ ದೇವರ ಬಳಿಗೆ ಹೋಗದಿರೆಂದು ಹೇಳುವ ನಿಯಮವು ಧರ್ಮಕ್ಕೆ ಸಮ್ಮತವೇ ಎಂದು ಕೇಳಿದರೆ, ಆ ಪ್ರಶ್ನೆಯನ್ನು ಮೌಢ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಬೈಂದೂರು, ಕುಂದಾಪುರ, ಬ್ರಹ್ಮಾವರ ಎಂಬ ಈ ಮೂರು ತಾಲೂಕುಗಳ ಕಡಲ ಸೆರಗಿನಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಒಂದೇ ಮತದವರಾಗಿರಲಿಲ್ಲ. ಆ ವರ್ಷದ ಏಪ್ರಿಲ್ 12ರ ಈಸ್ಟರ್ ಹಬ್ಬಕ್ಕೆ ಇಗರ್ಜಿಗಳಲ್ಲಿ ಜನವಿರಲಿಲ್ಲ. ಅದೇ ತಿಂಗಳ ಕೊನೆಗೆ ಮೊದಲಾದ ರಂಜಾನ್ ಮಾಸದಲ್ಲಿ ಶಿರೂರು ಗಂಗೊಳ್ಳಿಗಳ ಮುಸಲ್ಮಾನರು ರಾತ್ರಿಯ ತರಾವೀಹ್ ನಮಾಜನ್ನು ಮನೆಗಳಲ್ಲಿಯೇ ಸಲ್ಲಿಸಬೇಕಾಯಿತು. ಮದುವೆಗೆ 50 ಮಂದಿ, ಅಂತ್ಯಕ್ರಿಯೆಗೆ 20 ಮಂದಿ ಎಂಬ ಮಿತಿ ಬಂದಿತು.

ಇದಕ್ಕೆಲ್ಲ ಆಪದ್ಧರ್ಮವೆಂಬ ಒಂದು ಉತ್ತರ ನಮ್ಮಲ್ಲಿ ಬಹುಕಾಲದಿಂದ ಸಿದ್ಧವಾಗಿದೆ. ಮಹಾಭಾರತದ ಶಾಂತಿಪರ್ವದಲ್ಲಿ ಅದಕ್ಕಾಗಿಯೇ ಒಂದು ಉಪಪರ್ವವಿರುವುದಷ್ಟೆ. ಅದಲ್ಲದೆ, ದೂರವಿರುವುದೂ ಒಂದು ಆಚರಣೆಯೆಂಬುದು ನಮ್ಮ ಜನಕ್ಕೆ ಹೊಸತಲ್ಲ. ಮನೆಯಲ್ಲಿ ಹುಟ್ಟಾದರೆ, ಸಾವಾದರೆ, ಸೂತಕದ ದಿನಗಳಲ್ಲಿ ದೇವಾಲಯಕ್ಕೆ ಹೋಗದಿರುವವನನ್ನು ಯಾರೂ ನಾಸ್ತಿಕನೆನ್ನುವುದಿಲ್ಲ. ಹೋಗದಿರುವುದೇ ಆಗ ಅವನ ನಿಷ್ಠೆ. ಶವವೇ ದೊರೆಯದ ದೂರದೇಶದ ಮರಣಕ್ಕೆ ಪಲಾಶಪತ್ರಗಳಿಂದ ಪ್ರತಿಕೃತಿಯನ್ನು ರಚಿಸಿ ದಹಿಸಬೇಕೆಂಬ ವಿಧಿಯನ್ನು ಮಾಡಿಟ್ಟ ಧರ್ಮಶಾಸ್ತ್ರಕಾರರು, ಮಗನು ತಂದೆಯ ಚಿತೆಯ ಬಳಿ ನಿಲ್ಲಲಾರದ ದಿನವೊಂದು ಬರಬಹುದೆಂಬುದನ್ನು ಎಂದೋ ಊಹಿಸಿದ್ದರು. ಮುಂಬಯಿಯಲ್ಲೋ ಕೊಲ್ಲಿಯ ರಾಷ್ಟ್ರಗಳಲ್ಲೋ ಸಿಲುಕಿ ತಾಯಿಯ ಮುಖವನ್ನು ಮೊಬೈಲಿನ ಪರದೆಯಲ್ಲಿ ಮಾತ್ರ ಕಂಡು ಕಳುಹಿಸಿಕೊಟ್ಟ ಮಕ್ಕಳ ಶೋಕಕ್ಕೆ ಆ ವಿಧಿ ಎಷ್ಟರ ಸಮಾಧಾನವಾದೀತೆಂಬುದು ಬೇರೆ ಮಾತು. ಇಸ್ಲಾಮಿನಲ್ಲಿಯೂ, ಪಿಡುಗು ಇರುವ ನಾಡಿಗೆ ಹೊರಗಿನವರು ಹೋಗಕೂಡದು, ಅಲ್ಲಿರುವವರು ಅದರ ಭಯದಿಂದ ಓಡಿಹೋಗಕೂಡದು ಎಂಬುದು ಪ್ರವಾದಿಯವರ ಬೋಧೆಯೆಂದು ಪ್ರಸಿದ್ಧವಾಗಿದೆ. ಎಂದಮೇಲೆ ನಿರ್ಬಂಧಕ್ಕೆ ಶಾಸ್ತ್ರದ ಆಧಾರವನ್ನು ಹುಡುಕುವುದು ಕಷ್ಟವಲ್ಲ. ಆದರೆ ಆಧಾರ ದೊರೆತ ಮಾತ್ರಕ್ಕೆ ಪ್ರಶ್ನೆ ಮುಗಿಯಿತೆಂದು ನನಗೆ ತೋರುವುದಿಲ್ಲ. ಏಕೆಂದರೆ ದೂರ ನಿಲ್ಲುವುದರಲ್ಲಿ ಎರಡು ವಿಧಗಳುಂಟು, ಹೊರಗಿನಿಂದ ನೋಡಿದವರಿಗೆ ಅವೆರಡೂ ಒಂದೇ ಎಂದು ಕಾಣುವುವು.

ಮಡಿಯನ್ನುಟ್ಟವನು ಇತರರಿಂದ ಸರಿದು ನಿಲ್ಲುವಾಗ ಅವನ ಮನಸ್ಸಿನಲ್ಲಿರುವುದು ತನ್ನ ಶುದ್ಧಿ: ಎದುರಿನವನ ಮೈಲಿಗೆ ತನಗೆ ತಗುಲೀತೆಂಬ ಎಚ್ಚರ. ಅದೇ ಮನೆಯ ಅಂಗಳದಲ್ಲಿ ಬೆಳಗ್ಗೆ ದಾಸವಾಳವನ್ನೋ ನಂದಿಬಟ್ಟಲನ್ನೋ ಕೊಯ್ಯುವ ಮಗುವಿಗೆ ಅಜ್ಜಿ ಹೇಳುವ ಮಾತು ಬೇರೆ: ದೇವರಿಗೆ ಕೊಯ್ದ ಹೂವನ್ನು ಮೂಸಬಾರದು. ಇಲ್ಲಿ ಮಗುವು ಹೂವಿನಿಂದ ತನ್ನನ್ನು ಕಾಯ್ದುಕೊಳ್ಳುತ್ತಿಲ್ಲ; ತನ್ನ ಉಸಿರಿನಿಂದ ಹೂವನ್ನು ಕಾಯುತ್ತಿದೆ. ಎಂಜಲಿನ ವಿಚಾರವಾಗಿ ನಮ್ಮ ಮನೆಗಳಲ್ಲಿ ನಡೆದುಬಂದ ವಿಧಿನಿಷೇಧಗಳಲ್ಲಿ ಬಹುಭಾಗ ಈ ಎರಡನೆಯ ಜಾತಿಯವು. ಶ್ವೇತಾಂಬರ ಜೈನರಲ್ಲಿ ಸ್ಥಾನಕವಾಸಿ ಮತ್ತು ತೇರಾಪಂಥದ ಸಾಧುಗಳು ಬಾಯಿಗೆ ಬಿಳಿಯ ಬಟ್ಟೆಯನ್ನು ಕಟ್ಟಿಕೊಳ್ಳುವುದು ತಮ್ಮ ಉಸಿರಿನ ಬಿಸಿಯಿಂದ ಗಾಳಿಯಲ್ಲಿನ ಸೂಕ್ಷ್ಮಜೀವಿಗಳಿಗೆ ಹಿಂಸೆಯಾಗಬಾರದೆಂದು. ಪಾರಸಿ ಪುರೋಹಿತರು ಅಗ್ನಿಯ ಮುಂದೆ ಬಾಯಿ ಮುಚ್ಚಿಕೊಳ್ಳುವುದು ತಮ್ಮ ಶ್ವಾಸವು ಅಗ್ನಿಯನ್ನು ಕೆಡಿಸಬಾರದೆಂದು. ತನ್ನ ಶರೀರವೇ ಪರರಿಗೆ ಅಪಾಯಕರವಾಗಿರಬಹುದೆಂಬ ವಿನಯದಿಂದ ಹುಟ್ಟಿದ ಸಂಯಮವಿದು.

2020ರಲ್ಲಿ ವೈದ್ಯರು ನಮ್ಮನ್ನು ಬೇಡಿದ್ದೂ ಇದನ್ನೇ. ರೋಗಲಕ್ಷಣವೊಂದೂ ಕಾಣದವನ ಉಸಿರಿನಿಂದಲೂ ಸೋಂಕು ಹರಡಬಲ್ಲುದಾದ ಕಾರಣ, ನಾನು ಆರೋಗ್ಯವಂತನೆಂಬ ನಂಬಿಕೆಯನ್ನು ಬದಿಗಿರಿಸಿ, ನನ್ನಿಂದ ಎದುರಿನವನಿಗೆ ಕೇಡಾಗದಿರಲೆಂದು ಪ್ರತಿಯೊಬ್ಬನೂ ಆರಡಿ ಸರಿದು ನಿಲ್ಲಬೇಕಾಗಿತ್ತು. ಹೀಗೆ ನಿಂತವನು ದೇವಾಲಯದ ಹೊರಗೆ ನಿಂತಿದ್ದರೂ ಪೂಜೆಯ ಒಳಗೇ ಇದ್ದನೆಂದು ನಾನು ನಿಸ್ಸಂಶಯವಾಗಿ ಹೇಳುವೆನು. ಆದರೆ ಅದೇ ಆರಡಿಯನ್ನು, ಎದುರಿನವನೇ ರೋಗವೆಂಬ ಭಾವದಿಂದ ಅಳೆದವರೂ ಇದ್ದರು. ನಮ್ಮ ಕರಾವಳಿ ಆ ಪರೀಕ್ಷೆಯಲ್ಲಿ ಹೇಗೆ ನಡೆದುಕೊಂಡಿತೆಂಬುದನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು.

ಉಡುಪಿ ಜಿಲ್ಲೆಯಲ್ಲಿ ಮಾರ್ಚಿ ತಿಂಗಳಲ್ಲಿ ಸೋಂಕಿತರಾಗಿದ್ದವರು ಮೂವರು ಮಾತ್ರ, ಅವರೂ ಗುಣಹೊಂದಿದರು. ಮೇ ತಿಂಗಳ ಆದಿಯಲ್ಲಿ ಜಿಲ್ಲೆಯು ಹಸಿರು ವಲಯದ ಪಟ್ಟಿಯಲ್ಲಿತ್ತು. ಅನಂತರ ಮಹಾರಾಷ್ಟ್ರದಿಂದ ಜನ ಬರತೊಡಗಿದರು. ಅವರು ಪರಕೀಯರೇನಲ್ಲ. ಉಪ್ಪುಂದ, ನಾವುಂದ, ತ್ರಾಸಿ, ಹೆಮ್ಮಾಡಿಗಳಂತಹ ಊರುಗಳಿಂದ ತಲೆಮಾರುಗಳ ಹಿಂದೆಯೇ ಮುಂಬಯಿಗೆ ಹೋಗಿ, ಹೋಟೆಲುಗಳಲ್ಲಿ ಲೋಟ ತೊಳೆಯುವುದರಿಂದ ಆರಂಭಿಸಿ, ಕೆಲವರು ಮಾಲಿಕರಾಗಿ, ಹಲವರು ಮಾಣಿಗಳಾಗಿಯೂ ಅಡುಗೆಯವರಾಗಿಯೂ ಉಳಿದು, ತಿಂಗಳು ತಿಂಗಳು ಊರಿನ ಮನೆಗೆ ಹಣ ಕಳುಹಿಸಿದವರು. ಊರಿನ ದೇವಸ್ಥಾನದ ಜೀರ್ಣೋದ್ಧಾರವೆಂದರೆ, ಬ್ರಹ್ಮಕಲಶೋತ್ಸವವೆಂದರೆ, ವಂತಿಗೆಯ ಪಟ್ಟಿ ಮೊದಲು ಹೋಗುವುದು ಅವರ ಬಳಿಗೆ; ಹೊಸದಾಗಿ ಕಟ್ಟಿದ ಸುತ್ತುಪೌಳಿಯ ಗೋಡೆಯಲ್ಲಿನ ದಾನಿಗಳ ಶಿಲಾಫಲಕದಲ್ಲಿ ಅವರ ಹೆಸರುಗಳಿರುತ್ತವೆ. ಹೋಟೆಲುಗಳು ಮುಚ್ಚಿ, ಹತ್ತು ಮಂದಿ ಮಲಗುವ ಕೋಣೆಯಲ್ಲಿ ಅನ್ನವಿಲ್ಲದೆ ಕುಳಿತು ಬೇಸತ್ತು ಅವರು ಊರಿಗೆ ಹೊರಟು ಬಂದಾಗ, ಸರಕಾರವು ಅವರನ್ನು ಶಾಲೆಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಪ್ರತ್ಯೇಕವಾಗಿ ಇರಿಸಿತು. ಜೂನ್ ಮೊದಲ ವಾರದಲ್ಲಿ ಒಂದೇ ದಿನ ಜಿಲ್ಲೆಯ ಸೋಂಕಿತರ ಸಂಖ್ಯೆಗೆ 100ಕ್ಕೂ ಹೆಚ್ಚು ಮಂದಿ ಸೇರಿದರು. ಅವರಲ್ಲಿ ಬಹುಪಾಲು ಹೀಗೆ ಮರಳಿ ಬಂದವರೇ. ಆರೋಗ್ಯದ ದೃಷ್ಟಿಯಿಂದ ಆ ಪ್ರತ್ಯೇಕವಾಸ ಅವಶ್ಯಕವಾಗಿದ್ದಿತೆಂಬುದಕ್ಕೆ ಆ ಸಂಖ್ಯೆಯೇ ಸಾಕ್ಷಿ. ಆದರೆ ಬೊಂಬಾಯಿಂದ ಬಂದವರು ಎಂಬ ಮಾತು ಆ ದಿನಗಳಲ್ಲಿ ಅಂಗಡಿಯ ಜಗಲಿಗಳ ಮೇಲೆ ಯಾವ ಧ್ವನಿಯಲ್ಲಿ ಆಡಲ್ಪಡುತ್ತಿತ್ತೆಂಬುದನ್ನು ಕೇಳಿದವರು ಬಲ್ಲರು. ಶಿಲಾಫಲಕದ ಮೇಲೆ ಪೂಜ್ಯವಾಗಿದ್ದ ಹೆಸರು ಶಾಲೆಯ ಗೇಟಿನ ಬಳಿ ಅಸ್ಪೃಶ್ಯವಾಯಿತು. ನಮ್ಮ ಊರಿನ ಶಾಲೆಯಲ್ಲಿ ಅವರು ಬೇಡ ಎಂದವರಿದ್ದರು. ಅವಧಿ ಮುಗಿಸಿ ಮನೆಗೆ ಹೋದವರ ಬಾವಿಯ ನೀರಿಗೂ ಹೆದರಿದವರಿದ್ದರು. ಪಕ್ಕದ ಮಂಗಳೂರಿನಲ್ಲಿಯಂತೂ ಏಪ್ರಿಲಿನಲ್ಲಿ ಸೋಂಕಿನಿಂದ ತೀರಿಕೊಂಡ ವೃದ್ಧೆಯೊಬ್ಬರ ದೇಹಕ್ಕೆ ಪಚ್ಚನಾಡಿಯಲ್ಲಿ ಚಿತೆ ದೊರೆಯದೆ, ಜನರ ವಿರೋಧದಿಂದಾಗಿ ಕೊನೆಗೆ ಬಂಟ್ವಾಳಕ್ಕೆ ಒಯ್ದು ಸಂಸ್ಕಾರ ಮಾಡಬೇಕಾಯಿತು.

ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿ ಎಷ್ಟೋ ಕಾಲವಾದರೂ ಆ ಅಭ್ಯಾಸವು ನಮ್ಮ ಮನಸ್ಸಿನ ಮೂಲೆಯಲ್ಲಿ ಹೊಸ ಶರೀರವೊಂದನ್ನು ಕಾದು ಕುಳಿತಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅದಕ್ಕೆ ಇನ್ನೊಂದು ಹಳೆಯ ಬೇರೂ ಉಂಟು. ಕರಾವಳಿ ಮಲೆನಾಡುಗಳಲ್ಲಿ ಬೇನೆ ಬಂದಾಗ ಮಾರಿಯನ್ನು ಪೂಜಿಸಿ, ಮೆರವಣಿಗೆಯಲ್ಲಿ ಒಯ್ದು ಊರಿನ ಗಡಿಯನ್ನು ದಾಟಿಸಿ ಬರುವ ಕ್ರಮವಿತ್ತು. ಗಡಿಯಾಚೆಯ ಊರಿನವರು ಅದನ್ನು ಮುಂದಿನ ಊರಿನ ಗಡಿಗೆ ಮುಟ್ಟಿಸುವರು. ರೋಗಕ್ಕೂ ಗೌರವವನ್ನು ಕೊಟ್ಟು ಬೀಳ್ಕೊಡುವ ಆ ಆಚರಣೆಯಲ್ಲಿ ಒಂದು ಸೌಂದರ್ಯವಿದೆಯೆಂಬುದನ್ನು ಒಪ್ಪಿದರೂ, ತನ್ನ ಊರಿನ ಮರಣವನ್ನು ನೆರೆಯೂರಿನ ಬಾಗಿಲಿಗೆ ಇರಿಸಿ ಬರುವುದು ಧರ್ಮವೇ ಎಂಬ ಪ್ರಶ್ನೆ ಉಳಿದೇ ಇರುತ್ತದೆ. 2020ರಲ್ಲಾದರೋ ಬೈಂದೂರಿನ ಉತ್ತರಕ್ಕೆ, ಶಿರೂರಿನ ಬಳಿ, ಜಿಲ್ಲೆಯ ಗಡಿಯಲ್ಲಿ ಹೆದ್ದಾರಿಯ ಮೇಲೆ ಎದ್ದ ತನಿಖಾಠಾಣೆಯಲ್ಲಿ ಬಂದವರ ಜ್ವರವನ್ನು ಅಳೆದು ಹೆಸರು ಬರೆದುಕೊಂಡರಷ್ಟೆ. ಗಡಿಯಲ್ಲಿ ಒಬ್ಬನನ್ನು ತಡೆದು ಪರೀಕ್ಷಿಸಿ, ರೋಗವಿದ್ದರೆ ಆಸ್ಪತ್ರೆಗೆ ಸೇರಿಸಿ ಉಪಚರಿಸುವುದು ಒಂದು. ಅವನನ್ನು ಗಡಿಯಾಚೆಗೆ ನೂಕಿ ನಿಶ್ಚಿಂತರಾಗುವುದು ಇನ್ನೊಂದು. ಮೊದಲನೆಯದನ್ನು ಮಾಡಿದ ಸರಕಾರದ ನೌಕರರನ್ನು ನಾನು ಮನಸಾರೆ ಗೌರವಿಸುವೆನು.

ಇನ್ನು, ಬಲವಂತದ ನಿಯಮವನ್ನು ಪಾಲಿಸಿದ್ದರಿಂದ ಪುಣ್ಯವುಂಟೇ ಎಂದು ಕೇಳುವವರಿದ್ದಾರೆ. ಸಂಕಲ್ಪವಿಲ್ಲದ ವ್ರತ ವ್ರತವಲ್ಲವೆಂಬುದು ನಿಜ. ಪೋಲೀಸರ ಲಾಠಿಗೆ ಅಂಜಿ ಮನೆಯಲ್ಲಿ ಕುಳಿತವನು ತಪಸ್ವಿಯಾಗಲಾರನು. ಆದರೆ ಹಿರಿಯರ ಒತ್ತಾಯಕ್ಕೆ ಏಕಾದಶಿಯ ಉಪವಾಸವನ್ನು ಹಿಡಿದ ಬಾಲಕನು ಮುಂದೆ ತಾನಾಗಿಯೇ ಅದನ್ನು ನಡೆಸುವಂತೆ, ಹೊರಗಿನಿಂದ ಬಂದ ನಿಯಮಕ್ಕೂ ಮನುಷ್ಯನು ತನ್ನ ಸಂಕಲ್ಪವನ್ನು ಕೂಡಿಸಬಲ್ಲನು. ಹಾಗೆ ಕೂಡಿಸಬೇಕಾದರೆ ನಿಯಮವು ನ್ಯಾಯವಾಗಿ ತೋರಬೇಕು. ಮೇ 4ರಂದು ಮದ್ಯದಂಗಡಿಗಳು ತೆರೆದು, ದೇವಾಲಯ ಮಸೀದಿ ಇಗರ್ಜಿಗಳು ಜೂನ್ 8ರವರೆಗೆ ಮುಚ್ಚಿಯೇ ಇದ್ದುದು ಶ್ರದ್ಧಾವಂತರನ್ನು ನೋಯಿಸಿತು. ಆ ನೋವು ಸಕಾರಣವಾದದ್ದು. ಅದಕ್ಕಿಂತ ಗುರುತರವಾದದ್ದು, ಸಂಯಮದ ಪುಣ್ಯ ಒಬ್ಬನಿಗೆ, ಅದರ ಬೆಲೆ ಇನ್ನೊಬ್ಬನಿಗೆ ಎಂಬಂತಾದ ಸ್ಥಿತಿ. ಮಂದಾರ್ತಿಯ, ಮಾರಣಕಟ್ಟೆಯ ಯಕ್ಷಗಾನ ಮೇಳಗಳ ಹರಕೆಯಾಟಗಳನ್ನು ನೋಡಿ. ರೋಗ ವಾಸಿಯಾದರೆ, ಮಗು ಹುಟ್ಟಿದರೆ, ಒಂದು ಆಟ ಆಡಿಸುವೆನೆಂದು ದೇವರಿಗೆ ನುಡಿಕೊಟ್ಟವರು ಮಂದಾರ್ತಿಯಲ್ಲಿ ತಮ್ಮ ಸರದಿಗಾಗಿ ಹಲವು ವರ್ಷ ಕಾಯುವರು. ಮಾರ್ಚಿಯ ಮಧ್ಯದಲ್ಲಿ ಗುಂಪುಗೂಡುವುದು ನಿಂತು, ಮೇ ತಿಂಗಳವರೆಗೆ ನಡೆಯಬೇಕಾಗಿದ್ದ ತಿರುಗಾಟ ಅರ್ಧದಲ್ಲಿ ಕಡಿಯಿತು. ಹರಕೆ ಹೊತ್ತವರ ಚಿಂತೆಗೆ ಪರಿಹಾರ ಸುಲಭ: ಮಂದಾರ್ತಿಯ ದುರ್ಗಾಪರಮೇಶ್ವರಿಗೆ ಕಾಲದ ಅವಸರವಿಲ್ಲ, ಒಂದು ವರ್ಷ ತಡವಾದ ಹರಕೆಯನ್ನು ಆಕೆ ಮನ್ನಿಸದಿರಳು. ಆದರೆ ಬಣ್ಣ ಹಚ್ಚಿ ಗೆಜ್ಜೆ ಕಟ್ಟಿ ಆರು ತಿಂಗಳ ದುಡಿಮೆಯಿಂದ ವರ್ಷವಿಡೀ ಸಂಸಾರ ನಡೆಸುವ ವೇಷಧಾರಿಯ ಮನೆಯಲ್ಲಿ, ಚೌಕಿಯ ಸಹಾಯಕನ ಮನೆಯಲ್ಲಿ, ಹಸಿವನ್ನು ಮುಂದಿನ ವರ್ಷಕ್ಕೆ ಮುಂದೂಡಲು ಬಾರದು. ಹರಕೆಯ ಹಣ ಕೈಯಲ್ಲಿದ್ದವನು ಅದರಲ್ಲೊಂದು ಪಾಲನ್ನು ಆ ಮನೆಗಳಿಗೆ ಮುಟ್ಟಿಸಿದ್ದರೆ ಆಟವಿಲ್ಲದೆಯೂ ಹರಕೆ ಸಂದಂತೆ ಎಂದು ನನ್ನ ದೃಢವಾದ ಮತ.

ದೂರ ನಿಲ್ಲುವುದು ಧರ್ಮವಾಗಬೇಕಾದರೆ ಹತ್ತಿರ ಹೋಗುವವರೂ ಇರಬೇಕು. ಬ್ರಹ್ಮಾವರದ ಸಿರಿಯನ್ ಆರ್ಥೊಡಾಕ್ಸ್ ಕ್ರೈಸ್ತ ಸಮುದಾಯದ ಮೂಲಪುರುಷರಲ್ಲೊಬ್ಬರಾದ ಗೋವೆಯ ಆಲ್ವಾರಿಸ್ ಮಾರ್ ಜೂಲಿಯಸ್ ಅವರು 1889ರಲ್ಲಿ ಬಿಷಪರಾದವರು; ಅನಂತರ 1896ರಲ್ಲಿ ಕಾಲರಾ ಚಿಕಿತ್ಸೆಯ ಕುರಿತು ಪೋರ್ಚುಗೀಸಿನಲ್ಲಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದರು. ದೀನರ, ರೋಗಿಗಳ ಸೇವೆಯಲ್ಲಿ ಆಯುಷ್ಯವನ್ನು ಸವೆಸಿ, 1923ರಲ್ಲಿ ತೀರಿಕೊಂಡರು. ಧರ್ಮಗುರುವೊಬ್ಬನು ಪ್ರಾರ್ಥನಾಪುಸ್ತಕದ ಜೊತೆಗೆ ಶುಶ್ರೂಷೆಯ ಪುಸ್ತಕವನ್ನೂ ಬರೆಯಬೇಕೆಂದು ತಿಳಿದದ್ದನ್ನು ಈ ಕರಾವಳಿಯ ಎಲ್ಲ ಮತದವರೂ ನೆನೆಯತಕ್ಕದ್ದು.

2020ರಲ್ಲಿ ಹತ್ತಿರ ಹೋಗುವ ಆ ಕೆಲಸ ಬಿದ್ದದ್ದು ಊರೂರಿನ ಆಶಾ ಕಾರ್ಯಕರ್ತೆಯರ ಮೇಲೆ. ನಾವೆಲ್ಲರೂ ಸರಿದು ನಿಂತಾಗ ಅವರು ಮುಂಬಯಿಯಿಂದ ಬಂದವರ ಮನೆಯ ಅಂಗಳಕ್ಕೆ ಹೋಗಿ ಜ್ವರವುಂಟೇ, ಕೆಮ್ಮುಂಟೇ ಎಂದು ವಿಚಾರಿಸಿ, ಬೈಸಿಕೊಂಡು, ಮಳೆಯಲ್ಲಿ ಮರಳಿ ಬಂದು, ತಮ್ಮ ಮಕ್ಕಳನ್ನು ಮುಟ್ಟಲು ಅಂಜಿದರು. ಆ ವರ್ಷದ ಜುಲೈ 10ರಿಂದ ರಾಜ್ಯದಾದ್ಯಂತ ಅವರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿ, ತಿಂಗಳಿಗೆ 12,000 ರೂಪಾಯಿಯ ನಿಶ್ಚಿತ ಗೌರವಧನವನ್ನೂ ರಕ್ಷಣಾಸಾಮಗ್ರಿಯನ್ನೂ ಕೇಳಿದರು. ಅದು ಸರಕಾರಕ್ಕೂ ಅದರ ಕೆಲಸಗಾರ್ತಿಯರಿಗೂ ನಡುವಣ ವೇತನದ ವ್ಯವಹಾರ, ದೇವರ ವಿಷಯಕ್ಕೂ ಅದಕ್ಕೂ ಏನು ಸಂಬಂಧ ಎಂದವರ ಮಾತನ್ನು ನಾನು ಒಪ್ಪಲಾರೆನು. ಬಾಗಿಲು ಮುಚ್ಚಿದ ದಿನಗಳಲ್ಲಿ ದೇವಾಲಯದ ಸೇವೆ ಯಾರ ಕೈಯಿಂದ ಮುಂದುವರಿಯಿತೆಂದು ಆಡಳಿತ ಮಂಡಳಿಗಳು ತಮ್ಮ ಲೆಕ್ಕಪುಸ್ತಕವನ್ನು ಬಿಡಿಸಿ ಕೇಳಿಕೊಂಡಲ್ಲಿ, ಈ ಹೆಂಗಸರ ಬೇಡಿಕೆಯನ್ನು ಸೇವಾಖಾತೆಯಲ್ಲಿಯೇ ಬರೆಯಬೇಕಾದೀತು.