ಮರುಳಶಂಕರದೇವರನ್ನು ಕಂಡ ಕಣ್ಣು

ಕಲ್ಯಾಣದ ಮಹಾಮನೆಯಲ್ಲಿ ನಿತ್ಯವೂ ಅಸಂಖ್ಯಾತ ಜಂಗಮರಿಗೆ ದಾಸೋಹವು ನಡೆಯುತ್ತಿದ್ದಿತೆಂಬುದು ಸರ್ವವಿದಿತವಾದ ವಿಷಯ. ಆ ಮಹಾಮನೆಯ ಪ್ರಸಾದಕುಂಡದಲ್ಲಿ, ದೂರದೇಶದಿಂದ ಬಂದ ಒಬ್ಬ ಪುರುಷನು ಬಹುಕಾಲದಿಂದ ಇದ್ದನು. ಅವನನ್ನು ನೋಡದವರಿಲ್ಲ, ಆದರೆ ಕಂಡವರೂ ಇಲ್ಲ. ಮರುಳನೆಂದು ಭಾವಿಸಿ ಜನರು ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಅಲ್ಲಮಪ್ರಭುಗಳು ಮಹಾಮನೆಗೆ ಬಂದಾಗ ಅವರ ದೃಷ್ಟಿಯು ಅವನ ಮೇಲೆ ಬಿದ್ದಿತು. ಮರುಳಶಂಕರದೇವರ ನಿಜವು ಅಂದು ಶರಣಸಮೂಹಕ್ಕೆ ಪ್ರಕಟವಾಯಿತು. ತನ್ನ ಅಂಗಳದಲ್ಲಿಯೇ ಇದ್ದವನನ್ನು ತಾನು ಅರಿಯದೆಹೋದೆನಲ್ಲಾ ಎಂದು ಬಸವಣ್ಣನವರು ನೊಂದುಕೊಂಡರೆಂದು ಶೂನ್ಯಸಂಪಾದನೆಯಿಂದ ತಿಳಿಯುತ್ತದೆ.

ಈ ಪ್ರಸಂಗವನ್ನು ಪ್ರವಚನಗಳಲ್ಲಿ ಕೇಳಿ ತಲೆದೂಗುವವರು ಅನೇಕರು. ಪ್ರಭುಗಳ ಮಹಿಮೆಯನ್ನೂ ಮರುಳಶಂಕರರ ಗುಪ್ತಭಕ್ತಿಯನ್ನೂ ಕೊಂಡಾಡಿ ಮನೆಗೆ ತೆರಳುತ್ತಾರೆ. ತೆರಳುವ ದಾರಿಯಲ್ಲಿ, ಬಸ್ಸು ನಿಲ್ದಾಣದ ಜಗುಲಿಯ ಮೇಲೆ ತನ್ನಷ್ಟಕ್ಕೆ ಮಾತನಾಡುತ್ತ ಕುಳಿತವನನ್ನು ಮಾತ್ರ ಕಾಣುವುದಿಲ್ಲ. ಮರುಳಶಂಕರರದು ರೋಗವಲ್ಲ, ಶಿವೋನ್ಮಾದ. ಜಗುಲಿಯ ಮೇಲೆ ಕುಳಿತವನದು ಚಿಕಿತ್ಸೆಗೆ ಒಳಪಡತಕ್ಕ ವ್ಯಾಧಿ. ಎರಡನ್ನೂ ಒಂದೆಂದು ಹೇಳಿದರೆ ಶರಣರಿಗೂ ಅಪಚಾರ, ರೋಗಿಗೂ ಅಪಾಯ. ಹೋಲಿಕೆಯಿರುವುದು ಅವರಿಬ್ಬರಲ್ಲಿ ಅಲ್ಲ. ಅವರನ್ನು ದಾಟಿ ಹೋಗುವವರ ಕಣ್ಣಿನಲ್ಲಿ.

ಹಾಸನದಿಂದ ಪಶ್ಚಿಮಾಭಿಮುಖವಾಗಿ ಹೊರಟರೆ ಆಲೂರು ಸೀಮೆಯನ್ನು ಕಳೆದು, ಹೇಮಾವತಿಯ ದಡದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರು. ಹಿಂದೆ ಮಂಜರಾಬಾದು ಎನಿಸಿಕೊಂಡಿದ್ದ ಈ ನಾಡಿನಲ್ಲಿ ಕಾಫಿ, ಏಲಕ್ಕಿ, ಮೆಣಸುಗಳ ಸಂಪತ್ತು ಹೇರಳವಾಗಿದೆ. ನೋಡುವವರಿಗೆ ಇದು ಭೂಕೈಲಾಸ. ಬಾಳುವವರಿಗೆ? ಹೆತ್ತೂರು, ಯಸಳೂರು, ಹಾನುಬಾಳು ಹೋಬಳಿಗಳಲ್ಲಿ ಒಂದು ಮನೆಯ ದೀಪವು ಇನ್ನೊಂದು ಮನೆಗೆ ಕಾಣಿಸದು. ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಸಿಲಿನ ಮುಖವಿಲ್ಲ. ತೋಟದ ಲೈನು ಮನೆಗಳಲ್ಲಿ ಒದ್ದೆ ಕಂಬಳಿ, ಹೊಗೆ, ಬಟವಾಡೆಯ ಸಂಜೆಯ ಕುಡಿತ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯು ನಿಷಿದ್ಧವಾಯಿತಾದರೂ ಕುಡಿಯುವವನು ಅಗ್ಗದ ಬ್ರಾಂದಿ ವಿಸ್ಕಿಗಳ ಕಡೆಗೆ ಹೊರಳಿದನೇ ಹೊರತು ಕುಡಿತವು ನಿಲ್ಲಲಿಲ್ಲ. ಸಣ್ಣ ಬೆಳೆಗಾರನಿಗೆ ಸಾಲದ ಚಿಂತೆ. ಎಲ್ಲರಿಗೂ ಕಾಡಾನೆಯ ಭಯ. 2023ರ ಡಿಸೆಂಬರಿನಲ್ಲಿ ದಸರೆಯ ಅಂಬಾರಿಯನ್ನು ಹೊತ್ತಿದ್ದ ಅರ್ಜುನನೇ ಯಸಳೂರಿನ ಕಾಡಿನಲ್ಲಿ, ಪುಂಡಾನೆಯನ್ನು ಹಿಡಿಯುವ ಕಾರ್ಯದಲ್ಲಿ ಪ್ರಾಣಬಿಟ್ಟಿತೆಂದ ಮೇಲೆ, ಮುಂಜಾನೆಯ ಕತ್ತಲೆಯಲ್ಲಿ ಕೂಲಿಗೆ ಹೊರಡುವ ಹೆಂಗಸಿನ ಎದೆಯ ನಡುಕವನ್ನು ಯಾರಾದರೂ ಊಹಿಸಬಹುದು. ಗಂಡನ ಕುಡಿತದಿಂದ ನಿದ್ರೆಗೆಟ್ಟ ಹೆಂಡತಿಯೂ, ಹೆತ್ತ ಮೇಲೆ ಮಗುವಿನ ಕಡೆಗೆ ನೋಡದೆ ಗೋಡೆಗೆ ಮುಖ ಮಾಡಿ ಮಲಗುವ ಬಾಣಂತಿಯೂ ತಮ್ಮ ಕಷ್ಟಕ್ಕೆ ರೋಗವೆಂಬ ಹೆಸರಿರಬಹುದೆಂಬುದನ್ನೇ ಅರಿಯರು. ಇಂಥವರ ಕೈಗೆಟುಕುವಲ್ಲಿಯೇ ತೋಟದ ವಿಷೌಷಧದ ಡಬ್ಬಿಯೂ ಇರುತ್ತದೆ. ಅದನ್ನು ಬೀಗದಲ್ಲಿಡುವುದೂ ಒಂದು ಪ್ರಾಣದಾನವೇ.

ಇಂಥ ರೋಗಿಯನ್ನು ಕಂಡಾಗ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು, ಅವನ ಕರ್ಮ. ಎರಡು, ಯಾವುದೋ ಗಾಳಿ ಸೋಕಿದೆ. ಎರಡೂ ಶರಣಧರ್ಮಕ್ಕೆ ಸಲ್ಲದ ಮಾತುಗಳು. ಕಾಯವು ಲಿಂಗಕ್ಕೆ ಆಶ್ರಯವೆಂದು ನಂಬಿದವರು ಆ ಕಾಯದ ಒಂದಂಗವು ಬೇನೆಯಿಂದ ನರಳುವಾಗ ಅದನ್ನು ಶಾಪವೆಂದು ಕರೆಯುವುದು ಹೇಗೆ? ಕಾಲು ಮುರಿದವನನ್ನು ಹೊತ್ತು ಆಸ್ಪತ್ರೆಗೆ ಓಡುವ ಜನರೇ ಮನಸ್ಸು ಮುರಿದವನನ್ನು ಹಿತ್ತಿಲ ಕೋಣೆಯಲ್ಲಿ ಕೂಡಿಹಾಕುತ್ತಾರೆ. ಮಗಳ ಮದುವೆಗೆ ಅಡ್ಡಿಯಾದೀತೆಂಬ ಭಯವೇ ಇದಕ್ಕೆ ಮುಖ್ಯ ಕಾರಣ. ಶಾಸ್ತ್ರದ ಮಾತು ಆಮೇಲೆ ಹುಡುಕಿಕೊಂಡದ್ದು.

ಕುಡಿಯುವವನ ವಿಷಯದಲ್ಲಂತೂ ಧಾರ್ಮಿಕರೆನಿಸಿಕೊಂಡವರ ಮಾತು ಇನ್ನೂ ಕಠಿನವಾಗುತ್ತದೆ. ಅಂಥವರು ಹೆಂಡದ ಮಾರಯ್ಯನನ್ನು ನೆನೆಯಬೇಕು. ಹೆಂಡವನ್ನು ಮಾರಿ ಜೀವಿಸುತ್ತಿದ್ದವನು ಶರಣರ ಗೋಷ್ಠಿಯಲ್ಲಿ ಸ್ಥಾನವನ್ನು ಪಡೆದು, ತನ್ನ ವೃತ್ತಿಯ ಮಾತುಗಳಿಂದಲೇ ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ವಚನಗಳನ್ನು ಕಟ್ಟಿದನು. ಹೆಂಡದ ಹೆಸರನ್ನು ಕಳಚದೆಯೇ ಅವನನ್ನು ಶರಣನೆಂದು ಕರೆದ ಸಂಪ್ರದಾಯವು, ಹೆಂಡಕ್ಕೆ ಅಡಿಯಾಳಾದವನನ್ನು ಹೊಸ್ತಿಲಿನಿಂದ ಹೊರದೂಡೀತೆ? ಮದ್ಯವು ನಿಂದ್ಯ, ಮದ್ಯಕ್ಕೆ ಸಿಕ್ಕಿಬಿದ್ದವನು ರೋಗಿ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಉನ್ಮಾದಕ್ಕೆ ಒಂದು ಅಧ್ಯಾಯ, ಮದಾತ್ಯಯಕ್ಕೆ ಬೇರೆಯೇ ಒಂದು ಅಧ್ಯಾಯ ಇರುವುದನ್ನು ನೋಡಿದರೆ, ಪ್ರಾಚೀನರಿಗೂ ಇವು ವೈದ್ಯನ ಕೈಗೆ ಸೇರಿದ ವಿಷಯಗಳೆಂಬುದು ಸ್ಪಷ್ಟವಾಗುತ್ತದೆ.

ಇಲ್ಲಿ ಭಕ್ತರು ಲಕ್ಷ್ಯವಿಟ್ಟು ತಿಳಿಯಬೇಕಾದ ಒಂದು ಸೂಕ್ಷ್ಮವಿದೆ. ಅನೇಕ ವರ್ಷ ಪ್ರತಿದಿನವೂ ಕುಡಿದವನು ಜಾತ್ರೆಯ ದಿನ ಗದ್ದುಗೆಯ ಮುಂದೆ ಆಣೆಯಿಟ್ಟು ಒಮ್ಮೆಗೇ ಬಿಟ್ಟುಬಿಡುತ್ತಾನೆ. ಮನೆಯವರು ಹರ್ಷಪಡುತ್ತಾರೆ. ಮೊದಲ ದಿನವೇ ಕೈನಡುಕ, ಬೆವರು, ನಿದ್ರಾಹಾನಿ ತೋರಬಹುದು. ಮೊದಲೆರಡು ದಿನಗಳಲ್ಲಿ ಫಿಟ್ಸು ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಇಲ್ಲದುದು ಕಂಡು, ಇಲ್ಲದ ದನಿ ಕೇಳಿ, ಸನ್ನಿಪಾತದಂತೆ ಬಡಬಡಿಸಬಹುದು. ಆಣೆ ತಪ್ಪಿತೆಂದೂ ದೆವ್ವ ಹೊಕ್ಕಿತೆಂದೂ ಜನರು ಮಂತ್ರವಾದಿಯನ್ನು ಅರಸುವ ಆ ಹೊತ್ತಿನಲ್ಲಿ ಪ್ರಾಣವೇ ಹೋಗುವ ಸಂಭವವುಂಟು. ಇದು ದೆವ್ವವೂ ಅಲ್ಲ, ವ್ರತಭಂಗದ ಫಲವೂ ಅಲ್ಲ. ಮದ್ಯಕ್ಕೆ ಒಗ್ಗಿದ ಮಿದುಳು ಅದು ಹಠಾತ್ತಾಗಿ ತಪ್ಪಿದಾಗ ಕೆರಳುವ ರೀತಿ. ಅಹಿತವಾದ ಅಭ್ಯಾಸವನ್ನು ಒಮ್ಮೆಗೇ ಅಲ್ಲದೆ ಕಾಲುಕಾಲು ಭಾಗವಾಗಿ ಬಿಡಬೇಕೆಂದು ಚರಕನು ಸೂತ್ರಸ್ಥಾನದಲ್ಲಿ ವಿಧಿಸಿದ್ದಾನೆ. ಇಂದಿನ ವೈದ್ಯರು ಮದ್ಯದ ಬದಲು ಬೇರೆ ಔಷಧವನ್ನು ಕೊಟ್ಟು, ಅದನ್ನು ದಿನದಿನಕ್ಕೆ ಇಳಿಸುತ್ತಾರೆ. ಥಯಾಮಿನ್ ಎಂಬ ಜೀವಸತ್ತ್ವವನ್ನೂ ಕೊಡುತ್ತಾರೆ. ಆದುದರಿಂದ ಬಹುಕಾಲದ ಕುಡುಕನಿಗೆ ಆಣೆ ಕೊಡಿಸುವ ಗುರುಗಳು ಅದಕ್ಕೆ ಮೊದಲು ವೈದ್ಯರನ್ನು ಕಾಣಿಸತಕ್ಕದ್ದು. ವೈದ್ಯ ಸಂಗಣ್ಣನೆಂಬ ಶರಣನ ಅಂಕಿತವು ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ. ವೈದ್ಯನ ಅಂಕಿತದಲ್ಲಿ ಮರುಳಶಂಕರರ ಹೆಸರು ಬಂದು ನೆಲೆಸಿದುದು ಎಷ್ಟು ಸೊಗಸಾದ ಯೋಗ!

ಆಣೆಯು ವ್ಯರ್ಥವೆಂದು ಇದರ ಅರ್ಥವಲ್ಲ. ಚಿತ್ತರಗಿ-ಇಳಕಲ್ಲು ವಿಜಯಮಹಾಂತೇಶ್ವರ ಮಠದ ಮಹಾಂತಸ್ವಾಮಿಗಳು 1975ರಿಂದ ಮನೆಮನೆಗೆ, ಕೇರಿಕೇರಿಗೆ ಜೋಳಿಗೆ ಹಿಡಿದು ನಡೆದರು. ಅವರು ಬೇಡಿದ ಭಿಕ್ಷೆ ಕಾಳಲ್ಲ, ಕಾಸಲ್ಲ; ದುಶ್ಚಟಗಳು. 2018ರಲ್ಲಿ ಲಿಂಗೈಕ್ಯರಾದ ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸಲು ನಿಶ್ಚಯಿಸಿತು. ವ್ಯಸನಿಯು ತಮ್ಮಲ್ಲಿಗೆ ಬರಲೆಂದು ಕಾಯದೆ ತಾವೇ ಅವನ ಬಾಗಿಲಿಗೆ ಹೋದುದೇ ಆ ಜೋಳಿಗೆಯ ಹೆಚ್ಚುಗಾರಿಕೆ. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರಗಳೂ ಊರೂರಿಗೆ ಹೋಗುತ್ತವೆ. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಒಂದೆಡೆ ಸೇರುವುದಕ್ಕೆ ನವಜೀವನ ಸಮಿತಿಗಳಿವೆ. ಬಿಟ್ಟವನಿಗೆ ಸತ್ಸಂಗವಿಲ್ಲದಿದ್ದರೆ ಹಳೆಯ ಸಂಗವೇ ಮತ್ತೆ ಕೈಹಿಡಿಯುವುದು ಲೋಕಾನುಭವ.

ಸರಕಾರದ ಕಡೆಯಿಂದಲೂ ಈ ಕಾರ್ಯಕ್ಕೆ ಕನ್ನಡನಾಡಿನಲ್ಲಿಯೇ ದಾರಿ ತೆರೆದದ್ದು ಅಭಿಮಾನದ ಸಂಗತಿ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ನೆರೆಯಲ್ಲಿ 1954ರಲ್ಲಿ ಅಖಿಲ ಭಾರತ ಸಂಸ್ಥೆಯೊಂದು ಹುಟ್ಟಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿಯ ವೈದ್ಯರು ರೋಗಿಗಳೆಲ್ಲರೂ ರಾಜಧಾನಿಗೆ ಬರಲಾರರೆಂಬುದನ್ನು ಮನಗಂಡು, ಮೊದಲು ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ, ಆಮೇಲೆ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಿ ಮದ್ದು ಕೊಡುವ ಕ್ರಮವನ್ನು ಕಲಿಸಿದರು. ಆ ಬಳ್ಳಾರಿಯ ಮಾದರಿಯನ್ನೇ ಹಿಡಿದು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. 2017ರ ಕಾಯಿದೆಯು ಮಾನಸಿಕ ಚಿಕಿತ್ಸೆಯನ್ನು ಪ್ರತಿಯೊಬ್ಬ ಪ್ರಜೆಯ ಹಕ್ಕೆಂದು ಸಾರಿತು. ರಾಜ್ಯದಲ್ಲಿ ಮನೋಚೈತನ್ಯವೆಂಬ ಹೆಸರಿನಿಂದ, ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡನ್ನೂ ಮಾಡಲಾಯಿತು. 2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯಿದೆ. 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಕನ್ನಡದಲ್ಲಿಯೇ ಧರ್ಮಾರ್ಥವಾಗಿ ಸಮಾಧಾನ, ಸಲಹೆಗಳು ದೊರೆಯುತ್ತವೆ.

ಹೀಗಿದ್ದರೂ 2015-16ರಲ್ಲಿ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಮದ್ಯವ್ಯಸನಕ್ಕೆ ಸಿಕ್ಕಿದವರಲ್ಲಿ ನೂರಕ್ಕೆ ಸುಮಾರು 86 ಮಂದಿಗೆ ಯಾವ ಚಿಕಿತ್ಸೆಯೂ ದೊರೆತಿರಲಿಲ್ಲವೆಂದು ಕಂಡುಬಂದಿತು. ಮಲೆಯ ಸೀಮೆಯಲ್ಲಿ ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೆ ಬಂದು ಹೋಗಲು ಒಳಹೋಬಳಿಯವನಿಗೆ ಒಂದು ದಿನದ ಕೂಲಿ ಹೋಗುತ್ತದೆ. ಜೊತೆಗೆ ಬಂದವನದೂ ಹೋಗುತ್ತದೆ. ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಬೇಕೆಂದರೆ ಎರಡನೆಯ ಸಲ ಬರುವವರು ವಿರಳ. ಎಲ್ಲಕ್ಕಿಂತ ಮಿಗಿಲಾಗಿ, ಆ ಸಾಲಿನಲ್ಲಿ ನಿಂತುದನ್ನು ಊರಿನವರು ಯಾರಾದರೂ ನೋಡಿಯಾರೆಂಬ ಲಜ್ಜೆ.

ವೈದ್ಯವನ್ನು ಮಠಗಳು ಮಾಡಲಾರವು, ಮಾಡಲೂ ಬಾರದು. ಆದರೆ ಆ ಲಜ್ಜೆಯನ್ನು ಕಳೆಯುವ ಅಧಿಕಾರ ಮಠಕ್ಕೆ ಇರುವಷ್ಟು ಸರಕಾರಕ್ಕೆ ಇಲ್ಲ. ಶಿವಾನುಭವಗೋಷ್ಠಿಯಲ್ಲಿ ಗುರುಗಳೇ ಬಾಯ್ದೆರೆದು ಇದು ರೋಗ, ಇದಕ್ಕೆ ಮದ್ದುಂಟು ಎಂದರೆ, ಹತ್ತು ಭಿತ್ತಿಪತ್ರಗಳು ಮಾಡದ ಕೆಲಸವಾಗುತ್ತದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ಮುಂಚಿತವಾಗಿ ವಿಚಾರಿಸಿ, 14416ರ ಸಂಖ್ಯೆಯೊಡನೆ ಮಹಾದ್ವಾರದ ಹಲಗೆಯ ಮೇಲೆ ಬರೆಯಿಸಬಹುದು. ಬಂದವರ ಹೆಸರು ಮಠದ ಗೋಡೆಯನ್ನು ದಾಟಬಾರದು. ಹೆತ್ತೂರಿನ ಆಚೆಯಿಂದ ಹೊರಟವನಿಗೆ ಹಿಂದಿನ ರಾತ್ರಿ ಮಲಗಲು ಒಂದು ಚಾಪೆ, ಬೆಳಗಿನ ಪ್ರಸಾದ, ಬಸ್ಸಿನ ಚಾರ್ಜು. ಆಸ್ಪತ್ರೆಯ ಸಾಲಿನಲ್ಲಿ ಅವನ ಪಕ್ಕದಲ್ಲಿ ನಿಲ್ಲುವುದಕ್ಕೆ, ಕಾರಣವನ್ನು ಕೇಳದ ಒಬ್ಬ ಭಕ್ತ. ಮುಂದಿನ ತಿಂಗಳು ಗುಳಿಗೆ ಮುಗಿಯುವ ದಿನವನ್ನು ಮಠದ ಪಂಚಾಂಗದಲ್ಲಿ ಗುರುತು ಹಾಕಿಟ್ಟುಕೊಂಡು ಅವನ ಮನೆಗೆ ಹೇಳಿಕಳುಹಿಸುವ ಒಬ್ಬ ಮರಿದೇವರು.